500 ಡಾಲರಿಗೆ ಯಾವ ಬಾಕ್ಸ್ ತರಬೇಕು: ಕ್ವಾರ್ಟರೋ, ಹಾಫ್ ಡಾಲರೋ, ಬಿಡಿ ರೋಲೋ?

‘ಮುಖಬೆಲೆ’ ಎಂಬ ಹೆಸರಿನವರು ಕೇಳಿದ್ದು:

ನಮಸ್ಕಾರ. ಅಮೆರಿಕದಲ್ಲಿ ಬ್ಯಾಂಕಿನಿಂದ ಕಾಗದದಲ್ಲಿ ಸುತ್ತಿದ ನಾಣ್ಯದ ರೋಲ್ ತಂದು, ಬೇಕಾದ್ದನ್ನು ಹೆಕ್ಕಿಕೊಂಡು, ಉಳಿದದ್ದನ್ನು ಮತ್ತೆ ಖಾತೆಗೆ ಕಟ್ಟುವ ಹವ್ಯಾಸದ ಬಗ್ಗೆ ತಿಳಿದವರ ಸಲಹೆ ಬೇಕು. ನಾನಿರುವುದು ನ್ಯೂಜೆರ್ಸಿ. ಒಂದು ಸಲಕ್ಕೆ 500 ಡಾಲರ್ ಹಾಕಬಹುದು, ವಾರಕ್ಕೆ ನಾಲ್ಕು ಗಂಟೆ ಬಿಡುವಿದೆ. ಈ ದುಡ್ಡಿಗೆ ಕ್ವಾರ್ಟರ್ (25 ಸೆಂಟ್) ಬಾಕ್ಸ್ ವಾಸಿಯೋ, ಹಾಫ್ ಡಾಲರ್ (50 ಸೆಂಟ್) ಬಾಕ್ಸೋ? ಹಳೆಯ ಬೆಳ್ಳಿ ನಾಣ್ಯವೇ ಸಿಗಬೇಕೆಂಬ ಹಟವಿಲ್ಲ, ಆದರೆ ಬರಿಗೈಯಲ್ಲಿ ಏಳುವುದು ಕಡಿಮೆಯಾಗಬೇಕು. ಜನ ಕೈಯಲ್ಲಿ ಸುತ್ತಿ ಬ್ಯಾಂಕಿಗೆ ಕೊಟ್ಟ ರೋಲಿಗೂ ಯಂತ್ರದಲ್ಲಿ ಸುತ್ತಿದ ರೋಲಿಗೂ ನಿಜವಾಗಿ ವ್ಯತ್ಯಾಸ ಇದೆಯಾ? ತಕ್ಕಡಿ, ಲೂಪ್ (ಪುಟ್ಟ ಭೂತಗನ್ನಡಿ) ಎಂಥದ್ದು ಕೊಳ್ಳಬೇಕು?

ಬೆಳ್ಳಿಅಂಚು:

500 ಡಾಲರಿಗೆ ಕ್ವಾರ್ಟರ್ ಬಾಕ್ಸಾದರೆ 50 ರೋಲ್, ರೋಲಿಗೆ 40ರಂತೆ 2000 ನಾಣ್ಯ. ಅದೇ ದುಡ್ಡಿಗೆ ಹಾಫ್ ಡಾಲರ್ ಬಾಕ್ಸಾದರೆ 50 ರೋಲ್, ರೋಲಿಗೆ 20ರಂತೆ 1000. ಎಣಿಕೆ ಅರ್ಧಕ್ಕಿಳಿದರೂ ಬೆಳ್ಳಿಗೆ ನನ್ನ ಓಟು ಹಾಫ್ ಡಾಲರಿಗೇ. ಚಲಾವಣೆಯ ಡೈಮ್ (10 ಸೆಂಟ್), ಕ್ವಾರ್ಟರ್‌ಗಳಲ್ಲಿ ಬೆಳ್ಳಿ 1964ಕ್ಕೇ ಮುಗಿಯಿತು, ಅವನ್ನು ಜನ ಅರವತ್ತರ ದಶಕದಲ್ಲೇ ಹೆಕ್ಕಿಟ್ಟುಕೊಂಡರು. ಹಾಫ್ ಡಾಲರಿನಲ್ಲಿ ಮಾತ್ರ 1964ರವರೆಗೆ ಶೇ. 90, ಅಲ್ಲಿಂದ 1970ರವರೆಗೆ ಶೇ. 40 ಬೆಳ್ಳಿ. ಈ ಶೇ. 40ರದ್ದು ನೋಡಲು ಕೆನಡಿ ಮುಖವಿರುವ ಮಾಮೂಲಿ ಹಾಫ್ ಡಾಲರಿನ ಹಾಗೇ ಇರುವುದರಿಂದ ಮನೆಯ ಡಬ್ಬಿ ಖಾಲಿ ಮಾಡುವವರು ತಿಳಿಯದೆ ಬ್ಯಾಂಕಿಗೆ ಕಟ್ಟಿಬಿಡುತ್ತಾರೆ.

ರೋಲ್ ಬಿಚ್ಚಿ ಇಪ್ಪತ್ತೂ ನಾಣ್ಯವನ್ನು ಒತ್ತಾಗಿ ಅಂಗೈ ಮೇಲೆ ಮಲಗಿಸಿ, ಅಂಚು ಕಿಟಕಿ ಬೆಳಕಿಗೆ ಬರುವಂತೆ ಹಿಡಿಯಿರಿ. 1971ರಿಂದ ಈಚಿನದ್ದರ ಅಂಚಿನ ನಡುವೆ ಇಟ್ಟಿಗೆ ಬಣ್ಣದ ತಾಮ್ರದ ಪಟ್ಟೆ ಎದ್ದು ಕಾಣುತ್ತದೆ. ಶೇ. 90ರದ್ದು ಅಂಚಿಡೀ ಬಿಳಿ. ಮೋಸ ಮಾಡುವುದು ಶೇ. 40ರದ್ದು: ಅದರ ಹೊರಪದರದಲ್ಲಿ ಶೇ. 80 ಬೆಳ್ಳಿ, ತಿರುಳಿನಲ್ಲಿ ಸುಮಾರು ಶೇ. 21. ಹಾಗಾಗಿ ಅಂಚಿನಲ್ಲಿ ಮಾಸಲು ಕಂದು ಛಾಯೆ ಇದ್ದೇ ಇರುತ್ತದೆ, ಕತ್ತಲೆ ಕೋಣೆಯಲ್ಲಿ ಅದೇ ತಾಮ್ರದ ಪಟ್ಟೆಯಂತೆ ಕಾಣುತ್ತದೆ. ಹಾಫ್ ಡಾಲರಿನಲ್ಲಿ ಅಂಚು ನೋಡಿ ಬಿಡಬೇಡಿ, ಇಸವಿಯನ್ನೂ ಓದಿ. ಹೊಸದರಲ್ಲಿ ತೂಕ ಶೇ. 90ರದ್ದು 12.50 ಗ್ರಾಂ, ಶೇ. 40ರದ್ದು 11.50, ಮಾಮೂಲಿಯದು 11.34. ಕೊನೆಯ ಎರಡರ ನಡುವೆ 0.16 ಗ್ರಾಂ ಅಷ್ಟೇ ಅಂತರ, ಅಡುಗೆಮನೆ ತಕ್ಕಡಿಗೆ ಅದು ಸಿಗುವುದಿಲ್ಲ. 0.01 ಗ್ರಾಂ ತೋರಿಸುವುದನ್ನೇ ಕೊಳ್ಳಿ. ಲೂಪ್ 10 ಪಟ್ಟಿನದು ಸಾಕು.

ಬೆಳ್ಳಿಯಲ್ಲದಿದ್ದರೂ 2002ರಿಂದ 2020ರವರೆಗಿನ ಹಾಫ್ ಡಾಲರ್ ಎತ್ತಿಡಿ. ಅವು ಚಲಾವಣೆಗೆಂದು ಹೊರಬಂದವಲ್ಲ, ಸಂಗ್ರಹಕಾರರಿಗೆ ಮುಖಬೆಲೆಗಿಂತ ಹೆಚ್ಚಿಗೆ ಮಾರಿದಂಥವು. 1987ರದ್ದು ಸಹ ಮಿಂಟ್ ಸೆಟ್‌ನಲ್ಲಷ್ಟೇ (ಟಂಕಸಾಲೆ ಸಂಗ್ರಹಕಾರರಿಗೆ ಮಾರುವ ಕಟ್ಟು) ಬಂದದ್ದು. ಚಿನ್ನದ ಬಣ್ಣದ ಕೆನಡಿ ಕಂಡರೆ ಹಿಗ್ಗಬೇಡಿ, ಅದು ಖಾಸಗಿಯವರು ಬಳಿಸಿದ ಲೇಪ.

ಹಾಫ್ ಡಾಲರಿನ ತೊಡಕೆಂದರೆ ಬಾಕ್ಸ್ ಬಾಕ್ಸಿಗೂ ಅಜಗಜಾಂತರ. ಅಂಗಡಿಯಲ್ಲಿ ಅದು ಓಡಾಡುವುದಿಲ್ಲ. ಹೀಗಾಗಿ ಬ್ಯಾಂಕಿಗೆ ಬರುವುದು ಒಂದೋ ಯಾರದೋ ಹಳೇ ಗಂಟು, ಇಲ್ಲವೇ ಇನ್ನೊಬ್ಬ ಹುಡುಕುವವ ಜಾಲಾಡಿ ಕಟ್ಟಿದ ಜೊಳ್ಳು.

ಕ್ವಾರ್ಟರ್ ತಂದರೆ ಗುರಿ ಬೆಳ್ಳಿಯಲ್ಲ, ವೆಸ್ಟ್ ಪಾಯಿಂಟ್ ಟಂಕಸಾಲೆಯ ಗುರುತಾದ ‘ಡಬ್ಲ್ಯು’ ಅಕ್ಷರದ ನಾಣ್ಯ. 2019, 2020 ಎರಡೇ ವರ್ಷ, ವರ್ಷಕ್ಕೆ ಐದು ವಿನ್ಯಾಸ, ಒಂದೊಂದೂ 20 ಲಕ್ಷ. ವಾಷಿಂಗ್ಟನ್ನರ ಜಡೆಯ ಹಿಂದೆ, ಧ್ಯೇಯವಾಕ್ಯದ ಕೆಳಗೆ ಆ ಅಕ್ಷರ ಇರುತ್ತದೆ. 2020ರದ್ದಕ್ಕೆ ‘ವಿ75’ ಎಂಬ ಪುಟ್ಟ ಮುದ್ರೆಯೂ ಉಂಟು. ಜೊತೆಗೆ 2004-ಡಿ (‘ಡಿ’ ಅಂದರೆ ಡೆನ್ವರ್ ಟಂಕಸಾಲೆ) ವಿಸ್ಕಾನ್ಸಿನ್ ರಾಜ್ಯದ ಕ್ವಾರ್ಟರ್ ಬಂದರೆ ಜೋಳದ ತೆನೆಯ ಎಡ ಮಗ್ಗುಲಲ್ಲಿ ಒಂದು ಗರಿ ಹೆಚ್ಚಿದೆಯೇ ನೋಡಿ. ಮೇಲಕ್ಕೆ ಎದ್ದದ್ದು, ಕೆಳಕ್ಕೆ ಬಾಗಿದ್ದು ಎರಡು ಬಗೆ, ಎರಡಕ್ಕೂ ಬೆಲೆಯಿದೆ.

ಚಿಲ್ಲರೆಗಲ್ಲಾ:

ಬರಿಗೈ ಆಗಬಾರದು ಅಂದರೆ 500 ಡಾಲರ್ ಬೇಕಾಗಿಯೇ ಇಲ್ಲ. ನಿಕೆಲ್ (5 ಸೆಂಟ್) ಬಾಕ್ಸ್ 100 ಡಾಲರ್, 2000 ನಾಣ್ಯ. ಈ ನಾಣ್ಯದ ಲೋಹ ಯುದ್ಧದ ವರ್ಷಗಳನ್ನು ಬಿಟ್ಟರೆ ಬದಲಾಗಲೇ ಇಲ್ಲ, ಶೇ. 75 ತಾಮ್ರ, 25 ನಿಕೆಲ್ ಲೋಹ. ಅದಕ್ಕೇ ಯಾರೂ ಗುಡಿಸಿ ಎತ್ತಿಡಲಿಲ್ಲ, ನಲವತ್ತು ಐವತ್ತರ ದಶಕದ, ಜೆಫರ್ಸನ್ ಮುಖದ ನಿಕೆಲ್ ಇವತ್ತಿಗೂ ಚಿಲ್ಲರೆಯಲ್ಲಿ ತಿರುಗುತ್ತಿದೆ.

ಮುಖ್ಯವಾಗಿ ಯುದ್ಧಕಾಲದ ನಿಕೆಲ್: 1942ರ ಅಕ್ಟೋಬರಿನಿಂದ 1945ರವರೆಗೆ ಶೇ. 35 ಬೆಳ್ಳಿ, 56 ತಾಮ್ರ, 9 ಮ್ಯಾಂಗನೀಸ್. 1942ರಲ್ಲಿ ಎರಡೂ ಬಗೆ ಬಂದಿರುವುದರಿಂದ ಇಸವಿ ನೋಡಿ ತೀರ್ಮಾನಿಸಬೇಡಿ. ಹಿಂಬದಿ ತಿರುಗಿಸಿ. ಮಾಂಟಿಸೆಲೋ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಟಂಕಸಾಲೆಯ ಗುರುತು ‘ಪಿ’, ‘ಡಿ’ ಅಥವಾ ‘ಎಸ್’ ಇದ್ದರೆ ಅದೇ ಬೆಳ್ಳಿಯದು. ಸವೆದಾಗ ಹೊಳೆಯುವುದಿಲ್ಲ, ಎಣ್ಣೆ ಮೆತ್ತಿದ ಬೂದಿಯ ಹಾಗೆ ಕಪ್ಪಗೆ ಕಾಣುತ್ತದೆ. ಹೊಳಪು ಹುಡುಕುವವರು ಇದನ್ನೇ ಕೈಬಿಡುವುದು. 1950-ಡಿ ಕೇವಲ 26,30,030 ಅಚ್ಚಾದದ್ದು, ಸಿಕ್ಕರೆ ತೆಗೆದಿಡಿ.

ಪೆನ್ನಿ (1 ಸೆಂಟ್) ಬಾಕ್ಸ್ 25 ಡಾಲರ್, 2500 ನಾಣ್ಯ. ಹಿಂಬದಿ ಗೋಧಿ ತೆನೆ ಇರುವುದು 1958ರವರೆಗೆ. 1943ರ ಉಕ್ಕಿನದು ಅಯಸ್ಕಾಂತಕ್ಕೆ ಅಂಟುತ್ತದೆ, ತಾಮ್ರಬಣ್ಣದ 1943 ಸಿಕ್ಕಿ ಅಯಸ್ಕಾಂತಕ್ಕೆ ಅಂಟಿದರೆ ಅದು ಲೇಪ ಹಾಕಿದ ನಕಲಿ. 1982ರಲ್ಲಿ ತಾಮ್ರದ್ದೂ ಇದೆ, ಸತುವಿನ ಮೇಲೆ ತಾಮ್ರ ಬಳಿದದ್ದೂ ಇದೆ: ತೂಕ 3.11 ಗ್ರಾಂ ಬಂದರೆ ತಾಮ್ರ, 2.5 ಬಂದರೆ ಸತು. ಸತುವಿನವು ತೇವಕ್ಕೆ ಒಳಗಿಂದ ಕೊಳೆತು ಗುಳ್ಳೆ ಏಳುತ್ತವೆ, ಆ ಗುಳ್ಳೆಗಳನ್ನು ಅಚ್ಚಿನ ದೋಷ ಅಂದುಕೊಳ್ಳಬೇಡಿ. 1992ರದ್ದರಲ್ಲಿ ‘ಅಮೆರಿಕ’ ಪದದ ‘ಎ’, ‘ಎಂ’ ಅಕ್ಷರಗಳ ಕಾಲು ಒಂದಕ್ಕೊಂದು ತಾಗಿದ್ದರೆ ಅಪರೂಪ. 1998, 1999, 2000ದಲ್ಲಿ ತದ್ವಿರುದ್ಧ, ನಡುವೆ ಸಂದು ಬಿಟ್ಟಿದ್ದರೆ ಎತ್ತಿಡಿ.

ಚಲಾವಣೆಯ ಕೊನೆಯ ಪೆನ್ನಿಗಳನ್ನು 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಅಚ್ಚು ಹಾಕಿದರು. ಎಲ್ಲಾ ಶಾಖೆಯಲ್ಲೂ ಬಾಕ್ಸ್ ಸಿಗುತ್ತದೆಂದು ಲೆಕ್ಕ ಹಾಕಬೇಡಿ, ಮೊದಲು ಕೇಳಿ.

ಊರಿಗೆ ಹೋಗುವಾಗ ಮಕ್ಕಳಿಗೆಂದು ಚೀಲ ತುಂಬಿಕೊಂಡು ಹೋಗುವವರಿಗೆ ಒಂದು ಮಾತು: ಪೆನ್ನಿ, ನಿಕೆಲ್ ಎರಡೂ ಸೇರಿ ಒಬ್ಬರ ಸಾಮಾನಿನಲ್ಲಿ 5 ಡಾಲರ್ ಮುಖಬೆಲೆವರೆಗೆ ತಕರಾರಿಲ್ಲ. ಸಂಗ್ರಹಕ್ಕೆಂದು ಸ್ಪಷ್ಟವಿದ್ದರೆ 25 ಡಾಲರ್ ತನಕ. ಇವೆರಡನ್ನು ಕರಗಿಸುವುದು ಅಪರಾಧ.

ಕಾಗದಸುರುಳಿ:

ರೋಲಿನ ಬಗೆ ಕೇಳಿದ್ದೀರಲ್ಲ, ನನ್ನ ಪ್ರಕಾರ ನಾಣ್ಯ ಯಾವುದು ಎಂಬುದಕ್ಕಿಂತ ಅದೇ ದೊಡ್ಡ ವಿಷಯ. ಯಂತ್ರದ ರೋಲಿನ ಎರಡೂ ತುದಿಯಲ್ಲಿ ಕಾಗದ ಉಂಗುರದಂತೆ ಬಿಗಿಯಾಗಿ ಒಳಮಡಚಿರುತ್ತದೆ, ನಡುವೆ ತುದಿಯ ನಾಣ್ಯ ಕಾಣುತ್ತದೆ. ಎರಡೂ ತುದಿ ಫಳಫಳ, ಇಡೀ ಬಾಕ್ಸ್ ಒಂದೇ ವಿನ್ಯಾಸ ಎಂದಾದರೆ ಟಂಕಸಾಲೆಯಿಂದ ಹೊಸದಾಗಿ ಬಂದದ್ದು. ಹಳೆಯದಕ್ಕೆಂದು ಬಿಚ್ಚಿ ಸಮಯ ಕಳೆಯಬೇಡಿ.

ಕೈಯಲ್ಲಿ ಸುತ್ತಿದ್ದರ ತುದಿ ಚಪ್ಪಟೆಯಾಗಿ ಮಡಚಿರುತ್ತದೆ, ಕೆಲವು ಸಲ ಖಾತೆ ಸಂಖ್ಯೆ ಬರೆದಿರುತ್ತದೆ. ಒಂದು ಮನೆಯ ಹುಂಡಿ ಹಾಗೇ ಸುರುಳಿಯಾಗಿ ಬಂದಿರುವ ಸಾಧ್ಯತೆ ಇಲ್ಲೇ ಹೆಚ್ಚು. ಕೌಂಟರಿನಲ್ಲಿ ‘ಕಸ್ಟಮರ್ ರೋಲ್ಡ್ ಇದೆಯಾ’ ಅಂತಲೇ ಕೇಳಿ. ಕಾಗದ ಹಳದಿಯಾಗಿ ಮೂಲೆ ಮೆತ್ತಗಾಗಿದ್ದರೆ ಮೊದಲು ಅದನ್ನೇ ತೆಗೆದುಕೊಳ್ಳಿ. ಹೊಸ ಕಾಗದ, ಎಲ್ಲದರ ಮೇಲೂ ಒಂದೇ ಪೆನ್ನಿನ ಗುರುತು ಇದ್ದರೆ ಅದು ನಮ್ಮಂಥವರೇ ಜಾಲಾಡಿದ್ದು.

ಎಣಿಕೆ ಕಮ್ಮಿ ಬರುವುದು ಕೈ ರೋಲಿನ ರೋಗ. ಬಿಚ್ಚುವ ಮೊದಲು ತೂಗಿ. ಕಾಗದ ಬಿಟ್ಟು ಕ್ವಾರ್ಟರ್ ರೋಲೂ ಹಾಫ್ ಡಾಲರ್ ರೋಲೂ 226.8 ಗ್ರಾಂ, ಡೈಮ್ 50ಕ್ಕೆ 113.4, ನಿಕೆಲ್ 40ಕ್ಕೆ 200. ತೂಕದಿಂದ ಬೆಳ್ಳಿ ಹಿಡಿಯಲು ಮಾತ್ರ ಹೋಗಬೇಡಿ: ಒಂದು ಬೆಳ್ಳಿ ಕ್ವಾರ್ಟರ್ ಇದ್ದರೆ ಹೆಚ್ಚುವುದು 0.58 ಗ್ರಾಂ, ಕಾಗದದ ತೂಕದ ಏರುಪೇರಿನಲ್ಲೇ ಅದು ಮುಳುಗಿಹೋಗುತ್ತದೆ.

ತರುವ ಬ್ಯಾಂಕ್ ಬೇರೆ, ಕಟ್ಟುವ ಬ್ಯಾಂಕ್ ಬೇರೆ ಇರಲಿ. ಇಲ್ಲದಿದ್ದರೆ ನಿಮ್ಮ ಜೊಳ್ಳೇ ನಿಮಗೆ ವಾಪಸ್. ಬಾಕ್ಸಿಗೆ ಮುಂಚೆಯೇ ಹೇಳಿಡಬೇಕು. ಶುಲ್ಕ ಇದೆಯೇ, ವ್ಯಾಪಾರಿ ಖಾತೆ ಬೇಕೇ ಎಂದು ಶಾಖೆಯಲ್ಲೇ ವಿಚಾರಿಸಿ. ಎಣಿಸುವ ಯಂತ್ರದ ತಿರಸ್ಕಾರದ ತಟ್ಟೆಗೆ ಯಾವಾಗಲೂ ಕೈ ಹಾಕಿ ನೋಡಿ, ಲೋಹ ಬೇರೆಯೆಂದು ಯಂತ್ರ ಉಗುಳಿದ ಬೆಳ್ಳಿಯನ್ನು ಜನ ಅಲ್ಲೇ ಬಿಟ್ಟು ಹೋಗುತ್ತಾರೆ.

ಮುಖಬೆಲೆ:

ತುಂಬ ಉಪಕಾರವಾಯಿತು. ಹಾಗಾದರೆ 100 ಡಾಲರಿನ ನಿಕೆಲ್ ಬಾಕ್ಸಿನಿಂದ ಶುರು, ಜೊತೆಗೆ ಸಿಕ್ಕಷ್ಟು ಕೈ ರೋಲ್. ಇನ್ನೊಂದೇ ಪ್ರಶ್ನೆ: ಇಸವಿಯೋ ಅಕ್ಷರವೋ ಜೋಡಿಯಾಗಿ ಕಂಡರೆ ಅದು ಬೆಲೆಯುಳ್ಳ ಜೋಡಿ ಅಚ್ಚೇ ಎಂದು ಹೇಗೆ ಗೊತ್ತಾಗುವುದು?

ಬೆಳ್ಳಿಅಂಚು:

ಹೆಚ್ಚಿನವು ಅಲ್ಲ, ಅದಕ್ಕೇ ಕೇಳಿದ್ದು ಒಳ್ಳೆಯದಾಯಿತು. ಅಚ್ಚು ಸಡಿಲವಾಗಿ, ಹೊಡೆದ ಗಳಿಗೆಯಲ್ಲೇ ಜಾರಿದರೆ ಎದ್ದ ಅಕ್ಷರದ ಒಂದು ಮಗ್ಗುಲು ತಟ್ಟಿಹೋಗಿ ಮೆಟ್ಟಿಲಿನಂಥ ಚಪ್ಪಟೆ ಅಂಚು ಉಳಿಯುತ್ತದೆ. ಅಕ್ಷರದ ಸ್ವಂತ ದಪ್ಪ ಕಡಿಮೆಯಾಗಿರುತ್ತದೆ. ಅದಕ್ಕೆ ಬೆಲೆಯಿಲ್ಲ. ಅಚ್ಚಿನಲ್ಲೇ ಎರಡು ಬಾರಿ ಮೂಡಿದ್ದರೆ ಎರಡೂ ಉಬ್ಬಿ ದುಂಡಗೆ ನಿಂತಿರುತ್ತವೆ, ಅಕ್ಷರ ದಪ್ಪಗಾಗಿ ಮೂಲೆಗಳು ಹಾವಿನ ನಾಲಗೆಯಂತೆ ಸೀಳಿರುತ್ತವೆ. 1955, 1969-ಎಸ್, 1972, 1995ರ ಪೆನ್ನಿಗಳ ಚಿತ್ರ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ದೀಪವನ್ನು ಸುತ್ತ ತಿರುಗಿಸುತ್ತ ನೋಡಿ, ಬರೀ ನೆರಳಾಗಿದ್ದರೆ ಜಾಗ ಬದಲಾಯಿಸುತ್ತದೆ.

ಎತ್ತಿಟ್ಟದ್ದನ್ನು ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದರಿಂದಲೂ ಉಜ್ಜಬೇಡಿ; ಉಜ್ಜಿದ ಗೀರು ಲೂಪಿನಡಿ ತಕ್ಷಣ ಕಾಣುತ್ತದೆ, ಸಂಗ್ರಹಕಾರರು ಅದಕ್ಕೆ ಬೆಲೆ ಇಳಿಸುತ್ತಾರೆ. ಅಂಚು ಹಿಡಿದು ಎತ್ತಿ, ಪಿವಿಸಿ ಇಲ್ಲದ ಪೊರೆಯಲ್ಲಿ ಹಾಕಿಡಿ. ಪಿವಿಸಿ ಇದ್ದರೆ ಕೆಲವು ವರ್ಷಕ್ಕೆ ನಾಣ್ಯದ ಮೇಲೆ ಹಸಿರು ಜಿಡ್ಡು ಕೂರುತ್ತದೆ.