ಸಹಾಯ ಬೇಕು: ಲೊಚಗುಟ್ಟುವ ಸದ್ದನ್ನು ಕನ್ನಡದಲ್ಲಿ ಬರೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಗೋಡೆಪತ್ರಿಕೆಗೆ ದಕ್ಷಿಣ ಆಫ್ರಿಕಾದ ಸಾನ್ ಜನರ ‘ನೂ’ ಭಾಷೆಯ ಬಗ್ಗೆ ಬರೆಯುತ್ತಿದ್ದೇನೆ. ಕತ್ರೀನಾ ಎಸಾವ್ ಅನ್ನೋ ಅಜ್ಜಿ ಅಪಿಂಗ್ಟನ್ ಊರಿನ ತಮ್ಮ ಮನೆಯಲ್ಲೇ ಮಕ್ಕಳಿಗೆ ಇದನ್ನು ಕಲಿಸಿದರು. 2021ರಲ್ಲಿ ಅವರ ಸೋದರ ತೀರಿಕೊಂಡ ಮೇಲೆ ಸರಾಗವಾಗಿ ಮಾತಾಡುವವರು ಅವರೊಬ್ಬರೇ ಉಳಿದರು.

ನನ್ನ ಪೇಚಾಟ ಬೇರೆ. ಇದರಲ್ಲಿ ಐದು ಬಗೆಯ ಕ್ಲಿಕ್ ಸದ್ದುಗಳಿವೆ. ಒಂದು, ನಾವು ‘ಅಯ್ಯೋ ಪಾಪ’ ಅಂತ ಲೊಚಗುಟ್ಟುವ ಸದ್ದೇ! ಇನ್ನೊಂದು ತುಟಿಯಿಂದ, ಮುತ್ತಿಟ್ಟ ಹಾಗೆ. ನಮಗೆ ಬರೀ ಮರುಕ, ಅಲ್ಲಿ ಅದೇ ವ್ಯಂಜನ. ಭಾಷೆಯ ಹೆಸರಲ್ಲೂ ಒಂದು ಕ್ಲಿಕ್ ಇದೆ, ನಾನು ಸುಮ್ನೆ ನುಂಗಿಬಿಟ್ಟಿದ್ದೇನೆ. ‘ಚ್ಚ್’ ಅಂತ ಬರೆದರೆ ಮಕ್ಕಳು ಚಕಾರವನ್ನೇ ಓದುತ್ತಾರೆ, ಅಲ್ವಾ? ಭಾಷಾಶಾಸ್ತ್ರ ಓದಿದವರು ಯಾರಾದ್ರೂ ದಾರಿ ಹೇಳಿ. ಭಾನುವಾರದೊಳಗೆ ಬೇಕು.