ಬೆಳೆಯುವ ಹಂದಿಗಳಲ್ಲಿ ವಿಟಮಿನ್ ಎ, ಡಿ, ಇ, ಕೆ: ಒಂದು ಹೆಚ್ಚಾದರೆ ಇನ್ನೊಂದು ಕುಸಿಯುತ್ತದೆಯೇ?

ಮದ್ದೂರಿನ ಸಾಕಣೆದಾರ:
ನಮ್ಮಲ್ಲಿ 30ರಿಂದ 50 ಕಿಲೋ ತೂಕದ 22 ಯಾರ್ಕ್‌ಷೈರ್ ಹಂದಿಗಳಿವೆ. ಮುಸುಕಿನ ಜೋಳ, ಗಿರಣಿಯ ತೌಡು, ಕಡಲೆಕಾಯಿ ಹಿಂಡಿ ಮತ್ತು ಒಣಮೀನಿನ ಪುಡಿಯನ್ನು ನಾವೇ ಬೆರೆಸಿ, 100 ಕಿಲೋ ಮಿಶ್ರಣಕ್ಕೆ 50 ಗ್ರಾಂ ವಿಟಮಿನ್ ಪುಡಿ ಹಾಕುತ್ತೇವೆ. ಆ ಪುಡಿಯ ಡಬ್ಬಿಯ ಮೇಲೆ ಗ್ರಾಂಗೆ ಎ 50,000 ಐ.ಯು. (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಏಕಮಾನ), ಡಿ3 5,000 ಐ.ಯು., ಇ 10 ಮಿ.ಗ್ರಾಂ ಎಂದಿದೆ. ಹಾಲು ಬಿಡಿಸಿದಂದಿನಿಂದ, ಅಂದರೆ ಎರಡು ತಿಂಗಳಿಗೂ ಮೇಲ್ಪಟ್ಟು, ಇದನ್ನೇ ಕೊಡುತ್ತಿದ್ದೇವೆ. ಈಗ ಮೂರು ಹಂದಿಗಳು ಹಿಂಗಾಲು ಬಿಗಿದುಕೊಂಡು ನಡೆಯುತ್ತಿವೆ. ಹೋದ ವಾರ ಕಿವಿಯೋಲೆ ಹಾಕಿಸಿದಾಗ ಎರಡಕ್ಕೆ ರಕ್ತ ಬಹಳ ಹೊತ್ತು ನಿಲ್ಲಲಿಲ್ಲ. ವಿಟಮಿನ್ ಇ ದುಪ್ಪಟ್ಟು ಮಾಡಬೇಕೇ, ಇಲ್ಲವೇ ಇವೆಲ್ಲ ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ ಎಣ್ಣೆ ಹೆಚ್ಚಿಸಬೇಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಪಶುವೈದ್ಯ, ಮೈಸೂರು:
ಮೊದಲು ಲೆಕ್ಕ ನೋಡೋಣ. ತಮ್ಮ ಅಳತೆಯಂತೆ ಒಂದು ಕಿಲೋ ಆಹಾರಕ್ಕೆ ಎ 25,000, ಡಿ3 2,500 ಐ.ಯು. ಸೇರುತ್ತಿದೆ, ಇ ಮಾತ್ರ 5 ಮಿ.ಗ್ರಾಂ, ಕೆ ಸೊನ್ನೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2012ರ ಪಟ್ಟಿಯ ಪ್ರಕಾರ 25 ಕಿಲೋ ದಾಟಿದ ಹಂದಿಗೆ ಒಂದು ಕಿಲೋ ಆಹಾರದಲ್ಲಿ ಬೇಕಾದುದು ಎ 1,300, ಡಿ 150, ಇ 11 ಐ.ಯು. ಮತ್ತು ಕೆ 0.5 ಮಿ.ಗ್ರಾಂ. ಅದೇ ಮಂಡಳಿ 1987ರಲ್ಲಿ ಹೇಳಿದ ಸುರಕ್ಷಿತ ಮೇಲ್ಮಿತಿ, ಎಗೆ 20,000 ಮತ್ತು 60 ದಿನ ಮೀರಿ ಕೊಡುವ ಡಿ3ಗೆ 2,200. ಎರಡನ್ನೂ ತಾವು ದಾಟಿದ್ದೀರಿ.

ಈ ನಾಲ್ಕೂ ಪಿತ್ತರಸದ ನೆರವಿನಿಂದ ಕೊಬ್ಬಿನ ಸೂಕ್ಷ್ಮ ಕಣಗಳೊಳಗೆ ಸೇರಿಕೊಂಡೇ ಕರುಳಿನ ಗೋಡೆಯನ್ನು ದಾಟಬೇಕಾಗಿರುವುದರಿಂದ, ಎ ಮಿತಿಮೀರಿದಾಗ ಇ ಹೀರಿಕೆ ತಗ್ಗಿ, ರಕ್ತದಲ್ಲಿಯೂ ಯಕೃತ್ತಿನಲ್ಲಿಯೂ ಅದರ ಮಟ್ಟ ಇಳಿಯಬಹುದು. ತಮ್ಮಲ್ಲಿ ಇ ಮೊದಲೇ ಅರೆಪಾಲು. ಇ ಮತ್ತು ಸೆಲೆನಿಯಂ ಎಂಬ ಖನಿಜ ಎರಡೂ ಕಡಿಮೆಯಾದಾಗ ಸ್ನಾಯು ಹಾಳಾಗಿ ನಡಿಗೆ ಬಿಗಿಯುತ್ತದೆ, ಹೃದಯವೂ ಕೆಡುತ್ತದೆ. ಆದರೆ ಎ ಅತಿಯಾದಾಗ ಮೂಳೆ ಕೆಟ್ಟೂ ಕುಂಟುತ್ತವೆ, ಆದ್ದರಿಂದ ಕಾಲು ನೋಡಿ ಕಾರಣ ಹೇಳುವ ಧೈರ್ಯ ನನಗಿಲ್ಲ. ಇನ್ನು ಇ ವಿಪರೀತವಾದರೆ ಪೆಟ್ಟು ಬೀಳುವುದು ಕೆ ಮೇಲೆ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಹಾಗಾಗಿ ಈಗಿನ ಪುಡಿಯನ್ನು ನಿಲ್ಲಿಸಿ, ಕೆ ಇರುವ, ಹಂದಿಗೆಂದೇ ಮಾಡಿದ ಮಿಶ್ರಣಕ್ಕೆ ಬದಲಾಯಿಸಿರಿ. ಅದೇ ಪುಡಿಯ ಪ್ರಮಾಣ ಏರಿಸಿ ಇ ಸರಿದೂಗಿಸಲು ಹೋಗಬೇಡಿರಿ. ಒಂದು ಮಾತು ಕೇಳಲೇಬೇಕು: ದಾಸ್ತಾನು ಕೋಣೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ? ಅದರಲ್ಲಿ ಹಲವು ಬಗೆಯವು ವಿಟಮಿನ್ ಕೆ ಕೆಲಸವನ್ನೇ ತಡೆಯುತ್ತವೆ.

ಫೀಡ್ ಮಿಕ್ಸಿಂಗ್ ಮಾಡುವವನು, ನಂಜನಗೂಡು:
ಡಾಕ್ಟರ್ ಸಾಹೇಬರು ತೌಡಿನ ವಿಷಯ ಬಿಟ್ಟರು. ಎಣ್ಣೆ ತೆಗೆಯದ ತೌಡಿನಲ್ಲಿ ನೂರಕ್ಕೆ 15ರಿಂದ 20 ಪಾಲು ಎಣ್ಣೆಯಿದ್ದು, ಗಿರಣಿಯಿಂದ ಹೊರಬಿದ್ದ ಗಳಿಗೆಯಿಂದಲೇ ಅದರಲ್ಲಿನ ಕಿಣ್ವವು ಆ ಎಣ್ಣೆಯನ್ನು ಒಡೆಯತೊಡಗುತ್ತದೆ. ಕಮಟು ಬಂದ ತೌಡು ತನ್ನಲ್ಲಿರುವ ವಿಟಮಿನ್ ಇಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಪುಡಿಯಲ್ಲಿರುವ ಇ ಸಾಮಾನ್ಯವಾಗಿ ಅಸಿಟೇಟ್ ರೂಪದ್ದು. ಅದು ಹಂದಿಯ ಕರುಳಿನಲ್ಲಿ ಬಿಡುಗಡೆಯಾದ ಮೇಲೆ ಕೆಲಸ ಮಾಡುತ್ತದೆಯೇ ಹೊರತು ಚೀಲದೊಳಗೆ ತೌಡನ್ನು ಕಾಯುವುದಿಲ್ಲ. ಆದ್ದರಿಂದ ಎಣ್ಣೆ ಸೇರಿಸುವುದು ಬೇಡ. ಅಡುಗೆ ಎಣ್ಣೆಯ ಅಪರ್ಯಾಪ್ತ ಕೊಬ್ಬು ಹೆಚ್ಚಿದಷ್ಟೂ ಇ ಬೇಡಿಕೆಯೂ ಏರುತ್ತದೆ. ಹೊಸ ತೌಡನ್ನು ಸ್ವಲ್ಪ ಸ್ವಲ್ಪವೇ ತನ್ನಿ, ಇಲ್ಲವಾದರೆ ಎಣ್ಣೆ ತೆಗೆದ ತೌಡು ಬಳಸಿ. ಕೆ ಇರುವ ಮಿಶ್ರಣವನ್ನು ಕೋಲಿನ್ ಕ್ಲೋರೈಡ್ (ಆಹಾರಕ್ಕೆ ಬೆರೆಸುವ ಇನ್ನೊಂದು ಪೋಷಕಾಂಶ) ಜೊತೆ ಬೆರೆಸಿ ತಿಂಗಳುಗಟ್ಟಲೆ ಇಟ್ಟರೆ ಕೆಯ ಬಲ ಕುಗ್ಗುತ್ತದೆ, ಅದನ್ನೂ ಗಮನಿಸಿ.

ಪಾಂಡವಪುರದ ರೈತ:
ಸುಣ್ಣಕಲ್ಲಿನ ಪುಡಿ ಎಷ್ಟು ಹಾಕುತ್ತೀರೆಂದು ಬರೆದಿಲ್ಲ. ಕ್ಯಾಲ್ಸಿಯಂ ಅತಿಯಾದರೂ ಕೆ ಬೇಡಿಕೆ ಹೆಚ್ಚುತ್ತದೆ.

ಮದ್ದೂರಿನ ಸಾಕಣೆದಾರ:
ಎಲ್ಲರಿಗೂ ಧನ್ಯವಾದಗಳು. ತೌಡು ಐದು ವಾರದ ಹಿಂದಿನದು, ಮೂಸಿದರೆ ಕಮಟು ನಿಜ. ಅದಕ್ಕಿಂತ ಹೆಚ್ಚಾಗಿ, ತೌಡಿನ ಚೀಲಗಳ ಹಿಂದೆಯೇ ಪಾಷಾಣದ ಬಿಲ್ಲೆಗಳನ್ನು ಇರಿಸಿದ್ದೆವು. ಈಗ ನೋಡಿದರೆ ಎರಡು ಕಾಣಿಸುತ್ತಿಲ್ಲ. ಇಲಿ ಎಳೆದುಕೊಂಡು ಹೋಯಿತೋ, ಮಿಶ್ರಣಕ್ಕೆ ಬಿತ್ತೋ ತಿಳಿಯದು. ಆ ಚೀಲಗಳನ್ನು ಬೇರೆಯಿಟ್ಟು, ಬಿಲ್ಲೆಯ ಹೊದಿಕೆಯನ್ನು ಎತ್ತಿಟ್ಟುಕೊಂಡು, ಇಂದೇ ನಮ್ಮೂರಿನ ಪಶುವೈದ್ಯರನ್ನು ಕರೆಸುತ್ತಿದ್ದೇನೆ.