ಪದವೀಧರ ಕ್ಷೇತ್ರದ ಅಭ್ಯರ್ಥಿಗೆ ನನ್ನ ಇಮೇಲ್ ಎಲ್ಲಿಂದ ಸಿಕ್ಕಿತು?

ತುಂಗಾತೀರ: ಶಿವಮೊಗ್ಗದವಳು. 2024ರ ವಿಧಾನ ಪರಿಷತ್ತಿನ ನೈರುತ್ಯ ಪದವೀಧರ ಕ್ಷೇತ್ರದ (ಪದವೀಧರರು ಮಾತ್ರ ಮತ ಹಾಕುವ ಕ್ಷೇತ್ರ) ಚುನಾವಣೆಗೆ ಮೊದಲು ಒಬ್ಬ ಅಭ್ಯರ್ಥಿ ನನ್ನ ಹೆಸರು ಹಿಡಿದು ಇಮೇಲ್ ಕಳಿಸಿದ್ದರು. ಈಗಲೂ ಹಬ್ಬಕ್ಕೆಲ್ಲ ಶುಭಾಶಯ ಬರುತ್ತದೆ. ಮತದಾರರ ಪಟ್ಟಿಯಲ್ಲಿ ಇಮೇಲ್ ಇರುತ್ತದಾ?

ಹಳೇ ಕಾರ್ಯಕರ್ತ: ಪ್ರಕಟವಾಗುವ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 18ರಲ್ಲಿ ಮೊಬೈಲ್, ಇಮೇಲ್ ಎರಡನ್ನೂ ಕೇಳುತ್ತಾರೆ. ಈ ಕ್ಷೇತ್ರದ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಆಗಬೇಕು, ಕಳೆದ ಸಲದ ಹೆಸರು ತಾನಾಗಿ ಮುಂದುವರಿಯುವುದಿಲ್ಲ. ಹಾಗಾಗಿ ಟಿಕೆಟ್ ಆಕಾಂಕ್ಷಿಗಳ ಹುಡುಗರೇ ಕಾಲೇಜು, ವಕೀಲರ ಸಂಘ, ಬ್ಯಾಂಕು ಅಂತ ಫಾರ್ಮ್ ಹಿಡಿದು ಸುತ್ತುತ್ತಾರೆ. ನಾನೂ ಸುತ್ತಿದ್ದೇನೆ. ತುಂಬಿದ ಫಾರ್ಮಿನ ಫೋಟೊ ತೆಗೆದು ಎಕ್ಸೆಲ್‌ಗೆ ಹಾಕುವುದನ್ನು ಕಣ್ಣಾರೆ ನೋಡಿದ್ದೇನೆ. ಮನೆಮನೆ ಪ್ರಚಾರಕ್ಕಿಂತ ಆ ಪಟ್ಟಿಗೇ ಬೆಲೆ ಜಾಸ್ತಿ. ನೀವು ಫಾರ್ಮ್ ಯಾರ ಕೈಗೆ ಕೊಟ್ಟಿರಿ?

ತುಂಗಾತೀರ: ಸ್ಟಾಫ್ ರೂಮಿಗೆ ಬಂದವರಿಗೆ. ತಾಲ್ಲೂಕು ಕಚೇರಿಯವರು ಅಂದುಕೊಂಡಿದ್ದೆವು.

ಮಲ್ನಾಡ್ ಮೇಷ್ಟ್ರು: ಹೆಸರು ಸೇರಿಸಲು ಸಹಾಯ ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಮತದ ಹಕ್ಕಿಗೆ ಕೊಟ್ಟ ವಿವರವನ್ನು ಕೇಳದೆ ಪ್ರಚಾರಕ್ಕೆ ಬಳಸುವುದು ತಪ್ಪೇ ಅಲ್ವಾ?

ಹಳೇ ಕಾರ್ಯಕರ್ತ: ಖಂಡಿತ ತಪ್ಪು. ಮೇಡಂ, ಪಟ್ಟಿಯಿಂದ ತೆಗೆಯಿರಿ ಅಂತ ಅದೇ ಇಮೇಲಿಗೆ ಬರೆಯಿರಿ. ಮುಂದಿನ ಸಲ ಫಾರ್ಮನ್ನು ನೀವೇ ತಾಲ್ಲೂಕು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.